ಕಣ್ಣಿಗೆ ಹಚ್ಚುವ ಕಾಡಿಗೆಯಲ್ಲಿ ಏನೇನಿದೆ ಎಂದು ಬರೆಸಿ: ಔಷಧ ಮಹಾನಿಯಂತ್ರಕರಿಗೆ ಒಂದು ಬಹಿರಂಗ ಪತ್ರ

ಗೆ,
ಭಾರತದ ಔಷಧ ಮಹಾನಿಯಂತ್ರಕರು,
ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ, ನವದೆಹಲಿ

ಪ್ರತಿ: ಕರ್ನಾಟಕದಲ್ಲಿ ಪ್ರಸಾಧನ ಸಾಮಗ್ರಿಗಳಿಗೆ ಪರವಾನಗಿ ಕೊಡುವ ಅಧಿಕಾರಿಗಳಿಗೆ, ಬ್ಯೂಟಿ ಪಾರ್ಲರ್ ನಡೆಸುವವರಿಗೆ, ರೆಪ್ಪೆ ತುರಿಸಿಕೊಳ್ಳುತ್ತಾ ಇದನ್ನು ಓದುತ್ತಿರುವ ಎಲ್ಲರಿಗೆ

ವಿಷಯ: ಕಣ್ಣಿನ ಮೇಕಪ್ ಸಾಮಗ್ರಿಗಳಿಗೆ ಘಟಕಾಂಶಗಳ ಪಟ್ಟಿಯಿಂದ ಕೊಟ್ಟಿರುವ ವಿನಾಯಿತಿಯನ್ನು ತೆಗೆಯುವ ಬಗ್ಗೆ

ಮಾನ್ಯರೇ,

ಯಾವುದಾದರೂ ಫ್ಯಾನ್ಸಿ ಸ್ಟೋರಿಗೆ ಹೋಗಿ ಒಂದು ಕಾಡಿಗೆ ಕಡ್ಡಿ ಕೈಗೆತ್ತಿಕೊಳ್ಳಿ. ತೂಕ 0.35 ಗ್ರಾಂ. ಹೆಸರು, ಬೆಲೆ, ತಯಾರಕರ ವಿಳಾಸ ಸಣ್ಣ ಸ್ಟಿಕರಿನಲ್ಲಿ ಇರುತ್ತವೆ. ಒಳಗಿರುವ ಮೇಣ ಯಾವುದು, ಬಣ್ಣ ಯಾವುದು, ಕೆಡದಂತೆ ಏನು ಹಾಕಿದ್ದಾರೆ, ಪರಿಮಳ ಇದೆಯೇ ಎಂಬುದು ಕೆಲವದರಲ್ಲಿ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಇಲ್ಲದಿದ್ದರೆ ಅದು ಕಾನೂನಿನ ಪ್ರಕಾರ ತಪ್ಪೂ ಅಲ್ಲ. ನಾವು ಈ ಪತ್ರ ಬರೆಯುತ್ತಿರುವುದೇ ಅದಕ್ಕೆ.

2020ರ ಪ್ರಸಾಧನ ಸಾಮಗ್ರಿ ನಿಯಮಗಳು ಘಟಕಾಂಶಗಳ ಪಟ್ಟಿಯನ್ನು ಕೇಳುತ್ತವೆ. ಶೇ. 1ಕ್ಕಿಂತ ಹೆಚ್ಚಿರುವ ವಸ್ತುಗಳು ಮೊದಲು, ಹೆಚ್ಚಿನಿಂದ ಕಡಿಮೆಗೆ, ಶೇ. 1 ಅಥವಾ ಅದಕ್ಕಿಂತ ಕಡಿಮೆ ಇರುವವು ಕೊನೆಗೆ. ನಿಯಮ ಒಳ್ಳೆಯದೇ. ಆದರೆ ಅದರ ಬಾಲದಲ್ಲೊಂದು ವಿನಾಯಿತಿ ಇದೆ: ದ್ರವವಾದರೆ 60 ಮಿ.ಲೀ.ಗಿಂತ, ಗಟ್ಟಿ ಅಥವಾ ಅರೆಗಟ್ಟಿಯಾದರೆ 30 ಗ್ರಾಂಗಿಂತ ಚಿಕ್ಕ ಪ್ಯಾಕಿಗೆ ಪಟ್ಟಿ ಬೇಕಿಲ್ಲ. ಕಣ್ಣಿಗೆ ಹಚ್ಚುವ ವಸ್ತುಗಳಲ್ಲಿ ಆ ಅಳತೆ ಮುಟ್ಟುವುದು ಯಾವುದು? ಮಸ್ಕಾರ ಒಂದು ಟ್ಯೂಬಿಗೆ 10 ಮಿ.ಲೀ. ಆಸುಪಾಸು, ಐಲೈನರ್ 3ರಿಂದ 5 ಮಿ.ಲೀ. ಕಾಡಿಗೆಯಂತೂ 0.35 ಗ್ರಾಂ, ಅಂಥ 85 ಕಡ್ಡಿಗಳನ್ನು ಒಟ್ಟಿಗೆ ತೂಗಿದರೂ 30 ಗ್ರಾಂ ಆಗುವುದಿಲ್ಲ. ಮೈಗೆ ಹಚ್ಚುವ ಲೋಷನ್ ಬಾಟಲಿಗೆ ಪಟ್ಟಿ ಕಡ್ಡಾಯ, ಕಣ್ಣೊಳಗೆ ಎಳೆಯುವ ಕಾಡಿಗೆಗೆ ಅಲ್ಲ. ಮೈಯಲ್ಲೇ ಅತಿ ತೆಳುವಾದ ಚರ್ಮ ಕಣ್ಣಿನ ರೆಪ್ಪೆಯದು, ಸುಮಾರು ಅರ್ಧ ಮಿಲಿಮೀಟರ್. ಹೆಚ್ಚು ಎಚ್ಚರ ಬೇಕಾದ ಜಾಗಕ್ಕೇ ನಿಯಮ ಸಡಿಲವಾಗಿದೆ.

ತಾವಾಗಿಯೇ ಪಟ್ಟಿ ಅಚ್ಚು ಮಾಡುವ ಕಂಪನಿಗಳು ಸಾಕಷ್ಟಿವೆ. ಅವರು ಮಾಡಬಲ್ಲರು ಎಂದಾದರೆ ಉಳಿದವರಿಗೂ ಅದು ಅಸಾಧ್ಯವಲ್ಲ.

ಪಟ್ಟಿ ಇಲ್ಲದಿದ್ದರೆ ಏನು ಕೆಡುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರೆಪ್ಪೆಗೆ ಆಗುವ ತೊಂದರೆ ಒಂದೇ ಬಗೆಯದಲ್ಲ. ಹಚ್ಚಿದ ಕೆಲವೇ ನಿಮಿಷಗಳಲ್ಲಿ ಉರಿ, ನೀರು, ಚುಚ್ಚಿದ ಹಾಗೆ ಆದರೆ ಅದು ಬಹುಮಟ್ಟಿಗೆ ಕೆರಳಿಕೆ. ಕಾಡಿಗೆಗೆ ಹಾಕುವ ಕರ್ಪೂರ, ಮೇಕಪ್ ತೆಗೆಯುವ ದ್ರವ, ಬೆವರಿಗೆ ಕರಗಿ ಕಣ್ಣಿಗಿಳಿದ ಲೈನರ್ ಇಂಥವು ಯಾರ ಕಣ್ಣಿಗಾದರೂ ಹಾಗೆ ಮಾಡಬಲ್ಲವು. (ಕರ್ಪೂರದ ಕಾಡಿಗೆ ಹಚ್ಚಿದಾಗ ನೀರು ಬಂದರೆ 'ಕಣ್ಣಿನ ಕೊಳೆ ಹೋಗುತ್ತಿದೆ' ಎನ್ನುವುದುಂಟು. ಹೋಗುತ್ತಿರುವುದು ಕೊಳೆಯಲ್ಲ, ಕಣ್ಣು ಆ ಕಾಡಿಗೆಯನ್ನೇ ತೊಳೆದು ಹಾಕಲು ನೋಡುತ್ತಿದೆ.) ಅಲರ್ಜಿಯ ನಡೆ ಬೇರೆ. ಹಚ್ಚಿದ ದಿನ ಏನೂ ಆಗಿರುವುದಿಲ್ಲ. ಒಂದೆರಡು ದಿನ ಕಳೆದು, ಕೆಲವೊಮ್ಮೆ ಮೂರನೆಯ ದಿನ, ರೆಪ್ಪೆ ಕೆಂಪಾಗಿ ಊದುತ್ತದೆ, ವಿಪರೀತ ತುರಿಸುತ್ತದೆ, ಆಮೇಲೆ ಹೊಟ್ಟಿನಂತೆ ಸಿಪ್ಪೆ ಏಳುತ್ತದೆ. ತಿಂಗಳುಗಟ್ಟಲೆ ತುರಿಸಿಕೊಂಡ ರೆಪ್ಪೆ ದಪ್ಪಗಾಗಿ ಸುಕ್ಕುಗಟ್ಟಿ ಕಪ್ಪಾಗುತ್ತದೆ. ನಾಲ್ಕು ವರ್ಷದಿಂದ ಹಚ್ಚುತ್ತಿದ್ದ ಕಾಡಿಗೆಯೇ ಐದನೇ ವರ್ಷ ಒಗ್ಗದೆ ಹೋಗಬಹುದು; ಅಲರ್ಜಿ ಮತ್ತೆ ಮತ್ತೆ ಸೋಕಿದ ಮೇಲೆಯೇ ಹುಟ್ಟುವುದು. ಹಾಗಾಗಿ 'ಇದನ್ನು ಮೊದಲಿಂದಲೂ ಹಚ್ಚುತ್ತಿದ್ದೇನೆ, ಇದರಿಂದ ಆಗಿರಲಿಕ್ಕಿಲ್ಲ' ಎಂಬ ಲೆಕ್ಕ ನಿಲ್ಲುವುದಿಲ್ಲ.

ಎರಡು ದಿನದ ಈ ಅಂತರವೇ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಭಾನುವಾರದ ಮದುವೆಗೆ ಹಚ್ಚಿದ್ದು ಮಂಗಳವಾರ ಏಳುತ್ತದೆ. ಮಂಗಳವಾರ ತಿಂದ ಬದನೆಕಾಯಿಗೆ ಅಪವಾದ ಬರುತ್ತದೆ.

ಕಾರಣ ಕಂಡುಹಿಡಿಯಲು ಚರ್ಮರೋಗ ವೈದ್ಯರು ಮಾಡುವ ಪರೀಕ್ಷೆ ಪ್ಯಾಚ್ ಟೆಸ್ಟ್. ಅಲರ್ಜಿ ಮಾಡುವ ಗೊತ್ತಿರುವ ವಸ್ತುಗಳನ್ನು ಚಿಕ್ಕ ಚಿಕ್ಕ ಬಿಲ್ಲೆಗಳಲ್ಲಿಟ್ಟು ಬೆನ್ನಿಗೆ ಅಂಟಿಸುತ್ತಾರೆ. 48 ಗಂಟೆಗಳ ಮೇಲೆ ತೆಗೆದು ಒಮ್ಮೆ ನೋಡುತ್ತಾರೆ, 72 ಅಥವಾ 96 ಗಂಟೆಗೆ ಇನ್ನೊಮ್ಮೆ. ಅಲ್ಲಿಯವರೆಗೆ ಬೆನ್ನು ನೆನೆಯಬಾರದು, ಬೆವರಬಾರದು. ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ, ಬೆನ್ನಿಗೆ ಸ್ಟೀರಾಯ್ಡ್ ಮುಲಾಮು ಹಚ್ಚಿದ್ದರೆ ಮೊದಲೇ ಹೇಳಬೇಕು, ಇಲ್ಲವಾದರೆ ಫಲಿತಾಂಶ ಸುಳ್ಳಾಗಬಹುದು. ಇಷ್ಟೆಲ್ಲ ಆದ ಮೇಲೆ ವೈದ್ಯರು ಕೈಗೆ ಕೊಡುವುದು ಒಂದು ಹೆಸರು: ರಾಳ, ಕುರಿಯುಣ್ಣೆಯಿಂದ ತೆಗೆದ ಲ್ಯಾನೊಲಿನ್, ಪರಿಮಳದ ಮಿಶ್ರಣ, ಮೀಥೈಲ್‌ಐಸೊಥಯಾಜೊಲಿನೋನ್ ಎಂಬ ಕೆಡದಂತೆ ಹಾಕುವ ರಾಸಾಯನಿಕ, ನಿಕ್ಕಲ್, ಕಪ್ಪು ಹೇರ್‌ಡೈಯ ಪಿಪಿಡಿ ಹೀಗೆ. 'ಇದಿರುವುದನ್ನು ಬಿಡಿ, ಉಳಿದದ್ದನ್ನು ಹಚ್ಚಿ' ಎನ್ನುತ್ತಾರೆ. ಆ ಹೆಸರು ಹಿಡಿದುಕೊಂಡು ಅಂಗಡಿಗೆ ಹೋದವರಿಗೆ ಕಡ್ಡಿಯ ಮೇಲೆ ಓದಲು ಏನೂ ಇಲ್ಲ. ಒಂದು ವಾರದ ಪರೀಕ್ಷೆ ಅಲ್ಲಿಗೆ ವ್ಯರ್ಥ.

ಇದಕ್ಕೆ ದಾರಿ ನಿಮ್ಮದೇ ನಿಯಮಪುಸ್ತಕದಲ್ಲಿದೆ. ತಲೆಗೂದಲಿನ ಬಣ್ಣದ ಡಬ್ಬಿಯ ಮೇಲೆ ಇಂಗ್ಲಿಷಿನಲ್ಲೂ ಸ್ಥಳೀಯ ಭಾಷೆಯಲ್ಲೂ ಎಚ್ಚರಿಕೆ ಇರಬೇಕು, ರೆಪ್ಪೆಗೂದಲಿಗೆ ಅಥವಾ ಹುಬ್ಬಿಗೆ ಹಚ್ಚಿದರೆ ಕುರುಡಾಗಬಹುದು ಎಂದು ಅದರಲ್ಲಿ ಬರೆದಿರಬೇಕು, ಹಚ್ಚುವ ಮೊದಲು ಪರೀಕ್ಷೆ ಮಾಡಿಕೊಳ್ಳುವ ವಿಧಾನವನ್ನೂ ಕೊಡಬೇಕು ಎಂದು ಭಾರತದ ಕಾನೂನು ಬಹಳ ಹಿಂದೆಯೇ ವಿಧಿಸಿದೆ. ಅದು ಬರಿಯ ಹೆದರಿಕೆಯ ಮಾತಲ್ಲ. 1933ರ ಹೊತ್ತಿಗೆ ಅಮೆರಿಕದಲ್ಲಿ 'ಲ್ಯಾಶ್ ಲೂರ್' ಎಂಬ ರೆಪ್ಪೆಗೂದಲ ಬಣ್ಣ ಮಾರಾಟದಲ್ಲಿತ್ತು. ಅದರಲ್ಲಿದ್ದ ಪ್ಯಾರಾಫೆನಿಲೀನ್‌ಡಯಮೀನ್, ಅಂದರೆ ಇಂದಿಗೂ ಕಪ್ಪು ಹೇರ್‌ಡೈಯಲ್ಲಿರುವ ಪಿಪಿಡಿ, ಹೆಂಗಸರ ಕಣ್ಣು ಕಳೆಯಿತು. ಅಲ್ಲಿ ಪ್ರಸಾಧನಗಳನ್ನು ಮೊದಲ ಬಾರಿಗೆ ಸರ್ಕಾರದ ಹಿಡಿತಕ್ಕೆ ತಂದ 1938ರ ಕಾಯ್ದೆಯ ಹಿಂದೆ ಆ ಪ್ರಕರಣವೂ ಇದೆ. ಕೂದಲಿನ ಬಣ್ಣಕ್ಕೆ ಕನ್ನಡದಲ್ಲಿ ಎಚ್ಚರಿಕೆ ಬರೆಯಬಹುದಾದರೆ ಕಾಡಿಗೆಗೂ ಬರೆಯಬಹುದು.

ಜಾಗವಿಲ್ಲ ಎಂಬ ಉತ್ತರ ಬರುತ್ತದೆ ಎಂದು ಗೊತ್ತು. ಯುರೋಪಿಯನ್ ಒಕ್ಕೂಟದ 2009ರ ಪ್ರಸಾಧನ ನಿಯಮದಲ್ಲಿ ಚಿಕ್ಕ ಪ್ಯಾಕಿಗೆ ಈ ರೀತಿಯ ಮಾಫಿ ಇಲ್ಲ. ವಸ್ತುವಿನ ಮೇಲೆ ಜಾಗವಿಲ್ಲದಿದ್ದರೆ ಹೊರಗಿನ ರಟ್ಟಿನ ಮೇಲೆ, ಅದೂ ಆಗದಿದ್ದರೆ ಜೊತೆಗಿಟ್ಟ ಚೀಟಿಯಲ್ಲೋ ಕಟ್ಟಿದ ಪಟ್ಟಿಯಲ್ಲೋ ಬರೆಯಬೇಕು. ಅಲರ್ಜಿ ತರುವ ಪರಿಮಳ ವಸ್ತುಗಳನ್ನು 'ಪರಿಮಳ' ಎಂಬ ಒಂದೇ ಪದದಡಿ ಮುಚ್ಚಿಡುವಂತೆಯೂ ಇಲ್ಲ. ಹಚ್ಚಿ ಬಿಡುವ ವಸ್ತುವಿನಲ್ಲಿ ಶೇ. 0.001 ಮೀರಿದರೆ ಹೆಸರು ಹಿಡಿದು ಬರೆಯಬೇಕು. ನಮ್ಮಲ್ಲಿಯೂ ಕಾಡಿಗೆ ಬರುವುದು ರಟ್ಟಿಗೆ ಅಂಟಿಸಿದ ಪ್ಲಾಸ್ಟಿಕ್ ಗುಳ್ಳೆಯಲ್ಲಿ, ಇಲ್ಲವೇ ಪುಟ್ಟ ಪೆಟ್ಟಿಗೆಯಲ್ಲಿ. ಆ ರಟ್ಟಿನ ಹಿಂಬದಿ ಖಾಲಿಯಿದೆ, ಅಥವಾ ಜಾಹೀರಾತಿನಿಂದ ತುಂಬಿದೆ. ಬೇಕಾದರೆ ಕ್ಯೂಆರ್ ಕೋಡನ್ನೂ ಹಾಕಲಿ, ಆದರೆ ಅಕ್ಷರದ ಬದಲಿಗೆ ಬೇಡ.

ನಿಯಮ ತಿದ್ದುವುದಕ್ಕೆ ಸಮಯ ಹಿಡಿಯುತ್ತದೆ. ತುರಿಸುವ ರೆಪ್ಪೆ ಅಲ್ಲಿಯವರೆಗೆ ಕಾಯುವುದಿಲ್ಲ. ಆದ್ದರಿಂದ ಇನ್ನು ಮುಂದಿನ ಮಾತು ಓದುಗರಿಗೆ.

ರೆಪ್ಪೆ ಕೆಂಪಾಗಿದ್ದರೆ ಮೊದಲ ಕೆಲಸ ನಿಲ್ಲಿಸುವುದು. ಬ್ರ್ಯಾಂಡ್ ಬದಲಿಸುವುದಲ್ಲ, ಎಲ್ಲವನ್ನೂ ನಿಲ್ಲಿಸುವುದು: ಕಾಡಿಗೆ, ಲೈನರ್, ಮಸ್ಕಾರ, ಶ್ಯಾಡೋ, ಮೇಕಪ್ ರಿಮೂವರ್, ಕಣ್ಣಿನ ಸುತ್ತ ಹಚ್ಚುವ ಕ್ರೀಮು. ಕನಿಷ್ಠ ಎರಡು ವಾರ, ಸಾಧ್ಯವಾದರೆ ಮೂರು ವಾರ. ಉಗುರುಬಣ್ಣವನ್ನೂ ತೆಗೆಯಿರಿ. ಇದನ್ನು ಕೇಳಿದಾಗ ಅನೇಕರು ನಂಬುವುದಿಲ್ಲ, ಆದರೆ ರೆಪ್ಪೆಯ ಅಲರ್ಜಿಗೆ ಉಗುರುಬಣ್ಣ ಹಳೆಯ, ಚೆನ್ನಾಗಿ ಗೊತ್ತಿರುವ ಕಾರಣ. ಬೆರಳ ತುದಿಯ ಚರ್ಮ ದಪ್ಪ, ಅಲ್ಲಿ ಏನೂ ಕಾಣುವುದಿಲ್ಲ. ಅದೇ ಬೆರಳು ದಿನಕ್ಕೆ ಹತ್ತಾರು ಸಲ ಕಣ್ಣು ಸವರುತ್ತದೆ, ಅಲ್ಲಿ ಏಳುತ್ತದೆ. ಜೆಲ್ ಉಗುರಿನ ಅಕ್ರಿಲೇಟ್‌ಗಳೂ ಹಾಗೆಯೇ. ಹೇರ್‌ಡೈ, ಶಾಂಪೂ, ಸೆಂಟು, ರೆಪ್ಪೆಗೂದಲು ಬಾಗಿಸುವ ನಿಕ್ಕಲ್ ಲೇಪದ ಕರ್ಲರ್, ಶ್ಯಾಡೋ ಹಚ್ಚುವ ರಬ್ಬರ್ ಸ್ಪಂಜು, ಕಣ್ಣಿಗೆ ಬಿಡುವ ಔಷಧದ ಹನಿ ಇವೆಲ್ಲವೂ ಸಂಶಯದ ಪಟ್ಟಿಯಲ್ಲಿರಲಿ.

ಕೆಂಪು ಎಲ್ಲಿದೆ ಎಂದು ಕನ್ನಡಿಯಲ್ಲಿ ನೋಡಿಕೊಂಡರೆ ಸುಳಿವು ಸಿಗುತ್ತದೆ. ಕೆಳರೆಪ್ಪೆ ಮತ್ತು ಅದರ ಕೆಳಗಿನ ಕೆನ್ನೆ ಕೆಂಪಾಗಿದ್ದರೆ ಹರಿದಿಳಿಯುವ ಐ ಡ್ರಾಪ್ಸ್ ಮೇಲೆ ಕಣ್ಣಿಡಿ. ನಿಯೋಮೈಸಿನ್ ಎಂಬ ಆಂಟಿಬಯಾಟಿಕ್ ಇರುವ ಹನಿಗಳು ಇದಕ್ಕೆ ಹೆಸರಾದವು. ಎರಡೂ ಮೇಲ್ರೆಪ್ಪೆ ಒಂದೇ ಸಮ ಊದಿದ್ದರೆ ಶ್ಯಾಡೋ, ಶಾಂಪೂ, ಗಾಳಿಯಲ್ಲಿ ತೇಲಿಬರುವ ಸ್ಪ್ರೇ. ಒಂದೇ ಕಣ್ಣಿನಲ್ಲಿ ತೇಪೆಯ ಹಾಗೆ ಕಂಡರೆ ಉಗುರು. ಬೆಳಿಗ್ಗೆ ಎದ್ದಾಗ ರೆಪ್ಪೆಗೂದಲ ಬುಡದಲ್ಲಿ ಹೊಟ್ಟು ಕಟ್ಟಿ ಅಂಟುತ್ತಿದ್ದರೆ ಅದು ಅಲರ್ಜಿಗಿಂತ ರೆಪ್ಪೆಯಂಚಿನ ಉರಿಯೂತ ಇರಬಹುದು, ಅದರ ಆರೈಕೆ ಬೇರೆ. ಇವು ಸುಳಿವು ಮಾತ್ರ, ತೀರ್ಪಲ್ಲ.

ತುರಿಕೆಗೆ ತಣ್ಣನೆಯ ಒದ್ದೆ ಬಟ್ಟೆ. ಕುದಿಸಿ ಆರಿಸಿದ ನೀರಿನಲ್ಲಿ ಒಗೆದ ಹತ್ತಿಬಟ್ಟೆ ಅದ್ದಿ ಹಿಂಡಿ, ಮುಚ್ಚಿದ ಕಣ್ಣಿನ ಮೇಲೆ 5ರಿಂದ 10 ನಿಮಿಷ, ದಿನಕ್ಕೆ ಮೂರು ನಾಲ್ಕು ಬಾರಿ. ಮಂಜುಗಡ್ಡೆಯನ್ನು ನೇರವಾಗಿ ಇಡಬೇಡಿ. ಬಿಸಿ ಶಾಖವೂ ಬೇಡ. ಅದು ರೆಪ್ಪೆಯಂಚಿನ ಕುರುವಿಗೆ ಸರಿ, ಅಲರ್ಜಿಯ ಊತಕ್ಕೆ ಕೊಟ್ಟರೆ ತುರಿಕೆ ಹೆಚ್ಚುತ್ತದೆ. ಬಟ್ಟೆ ತೆಗೆದ ಮೇಲೆ ತೇವ ಆರುವ ಮುಂಚೆ ಪರಿಮಳವಿಲ್ಲದ ಬಿಳಿ ಪೆಟ್ರೋಲಿಯಂ ಜೆಲ್ಲಿ, ಎರಡೂ ಕಣ್ಣಿಗೆ ಸೇರಿ ಒಂದು ಅಕ್ಕಿಕಾಳಿನಷ್ಟು, ರೆಪ್ಪೆಯ ಹೊರಮೈಗೆ ಮಾತ್ರ, ದಿನಕ್ಕೆರಡು ಸಲ. ಇಷ್ಟೇ ಸಾಕು. ಪನ್ನೀರು, ಜೇನು, ಅರಿಸಿನ, ಹರಳೆಣ್ಣೆ, ಎದೆಹಾಲು ಯಾವುದೂ ಬೇಡ. ಕೆರಳಿದ ಚರ್ಮಕ್ಕೆ ಹೊಸದೊಂದನ್ನು ಸೇರಿಸಿದಷ್ಟೂ ಕಾರಣ ಹುಡುಕುವುದು ಕಷ್ಟವಾಗುತ್ತದೆ.

ಮೆಡಿಕಲ್ ಶಾಪಿನ ಮುಲಾಮಿನ ಬಗ್ಗೆ ಗಟ್ಟಿಯಾಗಿ ಹೇಳಬೇಕಾಗಿದೆ. ಬೀಟಾಮೆಥಾಸೋನ್, ಕ್ಲೋಬೆಟಾಸೋಲ್ ಎಂಬ ಪ್ರಬಲ ಸ್ಟೀರಾಯ್ಡ್ ಇರುವ ಟ್ಯೂಬುಗಳನ್ನು, ಅದರಲ್ಲೂ ಬೂಷ್ಟಿನ ಮದ್ದು ಮತ್ತು ನಿಯೋಮೈಸಿನ್ ಬೆರೆಸಿದ್ದನ್ನು, ಚೀಟಿಯಿಲ್ಲದೆ ಕೇಳಿ ತಂದು ರೆಪ್ಪೆಗೆ ಹಚ್ಚುತ್ತಾರೆ. ಎರಡೇ ದಿನದಲ್ಲಿ ಕೆಂಪು ಮಾಯ. ನಿಲ್ಲಿಸಿದ ಕೂಡಲೇ ಮೊದಲಿಗಿಂತ ಜೋರಾಗಿ ಮರಳುತ್ತದೆ, ಮತ್ತೆ ಹಚ್ಚುತ್ತಾರೆ. ತಿಂಗಳುಗಟ್ಟಲೆ ಹೀಗೆ ನಡೆದರೆ ರೆಪ್ಪೆಯ ಚರ್ಮ ಇನ್ನೂ ತೆಳುವಾಗುತ್ತದೆ. ಮುಲಾಮು ಕಣ್ಣಿಗಿಳಿದು ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು. ಒತ್ತಡದಿಂದ ಹೋದ ದೃಷ್ಟಿ ಹಿಂದಿರುಗುವುದಿಲ್ಲ. ವೈದ್ಯರು ಬೇಕೆನಿಸಿದರೆ ಸೌಮ್ಯವಾದ ಸ್ಟೀರಾಯ್ಡನ್ನು ಕೆಲವೇ ದಿನಗಳಿಗೆ, ಇಲ್ಲವೇ ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೋಲಿಮಸ್ ಬರೆದುಕೊಡುತ್ತಾರೆ. ಅದು ಅವರ ಲೆಕ್ಕ, ಅಂಗಡಿಯವರದಲ್ಲ.

ಕಣ್ಣುಗುಡ್ಡೆಯೇ ನೋಯುತ್ತಿದ್ದರೆ, ಬೆಳಕು ನೋಡಲಾಗದಿದ್ದರೆ, ಮಬ್ಬಾದರೆ, ಕೀವು ಬಂದರೆ, ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ ಕಣ್ಣು ಕೆಂಪಾದರೆ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ. ಹಚ್ಚಿದ ಕೆಲವೇ ನಿಮಿಷಗಳಲ್ಲಿ ಮುಖ, ತುಟಿ ಊದಿ ಉಸಿರು ಕಟ್ಟಿದಂತಾದರೆ ತಕ್ಷಣ ತುರ್ತು ಚಿಕಿತ್ಸೆಗೆ.

ರೆಪ್ಪೆ ಪೂರ್ತಿ ಸರಿಹೋದ ಮೇಲೆ ಒಂದೊಂದಾಗಿ ಮರಳಿ ಶುರು ಮಾಡಬಹುದು, ಆದರೆ ಮೊದಲು ಕೈಯಲ್ಲಿ. ಮೊಣಕೈ ಮಡಚುವ ಒಳಭಾಗದಲ್ಲಿ ಐದು ರೂಪಾಯಿ ನಾಣ್ಯದಗಲ ಜಾಗಕ್ಕೆ ಆ ಒಂದೇ ವಸ್ತುವನ್ನು ಬೆಳಿಗ್ಗೆ ಸಂಜೆ ಹಚ್ಚಿ, ಏಳು ದಿನ. ಮುಚ್ಚಬೇಡಿ, ಬ್ಯಾಂಡೇಜ್ ಬೇಡ. ಕೂದಲಿನ ಬಣ್ಣಕ್ಕೆ ಹೇಳಿದ 24 ಗಂಟೆಯ ಪರೀಕ್ಷೆ ಇಲ್ಲಿ ಸಾಲದು, ಎರಡು ಮೂರು ದಿನಕ್ಕೆ ಏಳುವ ಅಲರ್ಜಿ ಅದರ ಕೈಗೆ ಸಿಗುವುದಿಲ್ಲ. ಕೆಂಪು, ತುರಿ, ಗುಳ್ಳೆ ಏನಾದರೂ ಕಂಡರೆ ಅಲ್ಲೇ ನಿಲ್ಲಿಸಿ. ಏನೂ ಆಗದಿದ್ದರೆ ಒಂದು ಕಣ್ಣಿನ ಹೊರಮೂಲೆಗೆ ಚೂರು ಹಚ್ಚಿ ಮೂರು ದಿನ ನೋಡಿ. ಎರಡು ವಸ್ತುಗಳ ನಡುವೆ ಎರಡು ವಾರ ಬಿಡಿ. ಹಚ್ಚಿದ ತಾರೀಖನ್ನು ಬರೆದಿಡಿ, ಡಬ್ಬಿಯ ಎಲ್ಲ ಬದಿಗಳ ಫೋಟೊ ತೆಗೆದಿಡಿ. ಮುಂದೆ ಪ್ಯಾಚ್ ಟೆಸ್ಟಿಗೆ ಹೋಗುವಾಗ ಪೆಟ್ಟಿಗೆ ಸಮೇತ ಎಲ್ಲವನ್ನೂ ಒಯ್ಯಿರಿ. 'ಹೈಪೋಅಲರ್ಜೆನಿಕ್', 'ನೈಸರ್ಗಿಕ', 'ಡರ್ಮಟಾಲಜಿಸ್ಟ್ ಟೆಸ್ಟೆಡ್' ಎಂಬ ಪದಗಳನ್ನು ನೋಡಿ ಈ ಪರೀಕ್ಷೆ ಬಿಡಬೇಡಿ; ರಾಳ, ಜೇನುಮೇಣ, ಅರಗು, ಕೀಟದಿಂದ ತೆಗೆದ ಕಾರ್ಮೈನ್ ಕೆಂಪು ಎಲ್ಲವೂ ನೈಸರ್ಗಿಕವೇ, ಅಲರ್ಜಿಯನ್ನೂ ಮಾಡುತ್ತವೆ.

ಹಚ್ಚುವ ಜಾಗವೂ ಮುಖ್ಯ. ರೆಪ್ಪೆಗೂದಲ ಹಿಂದಿನ ಒದ್ದೆ ಅಂಚಿನಲ್ಲಿ, ಮೇಲೆ ಕೆಳಗೆ ಇಪ್ಪತ್ತರಿಂದ ನಲವತ್ತರಂತೆ, ಎಣ್ಣೆ ಗ್ರಂಥಿಗಳ ಬಾಯಿಗಳಿವೆ. ಕಣ್ಣೀರು ಬೇಗ ಆರದಂತೆ ಅದರ ಮೇಲೆ ಎಣ್ಣೆಯ ಪದರ ಹರಡುವುದು ಅವು. ಕಾಡಿಗೆಯನ್ನು ಆ ಅಂಚಿನ ಮೇಲೆಯೇ ಎಳೆದರೆ ಮೇಣ ಬಾಯಿ ಕಟ್ಟುತ್ತದೆ, ಪುಡಿ ಕಣ್ಣೀರಿಗೆ ಸೇರುತ್ತದೆ, ಸಂಜೆ ಕಣ್ಣಲ್ಲಿ ಮರಳು ಬಿದ್ದಂತಾಗುತ್ತದೆ. ಗೆರೆ ರೆಪ್ಪೆಗೂದಲಿನ ಹೊರಗಿರಲಿ. ತೆಗೆಯುವಾಗ ಉಜ್ಜಬೇಡಿ: ಎಣ್ಣೆಯಂಶದ ರಿಮೂವರ್ ಅದ್ದಿದ ಹತ್ತಿಯನ್ನು ಮುಚ್ಚಿದ ರೆಪ್ಪೆಯ ಮೇಲೆ 20–30 ಸೆಕೆಂಡು ಇಟ್ಟು ಕರಗಲು ಬಿಡಿ, ಆಮೇಲೆ ರೆಪ್ಪೆಗೂದಲ ಕಡೆಗೆ ಒಂದೇ ದಿಕ್ಕಿನಲ್ಲಿ ಒರೆಸಿ, ಉಗುರುಬೆಚ್ಚನೆ ನೀರಿನಲ್ಲಿ ತೊಳೆಯಿರಿ. ಲೆನ್ಸ್ ಹಾಕುವವರು ಮೇಕಪ್ಪಿಗೆ ಮುಂಚೆ ಹಾಕಿ, ಮೇಕಪ್ ತೆಗೆಯುವುದಕ್ಕೂ ಮುಂಚೆ ಲೆನ್ಸ್ ತೆಗೆಯಿರಿ. ಮಸ್ಕಾರವನ್ನು ತೆರೆದ ಮೂರು ತಿಂಗಳಿಗೆ ಎಸೆಯಿರಿ, ಒಣಗಿತೆಂದು ನೀರು ಬೆರೆಸಬೇಡಿ. ಕೆಂಗಣ್ಣು ಬಂದಿದ್ದರೆ ಆಗ ಬಳಸುತ್ತಿದ್ದ ಎಲ್ಲವನ್ನೂ ಎಸೆಯಿರಿ. ಅಕ್ಕತಂಗಿಯರಾದರೂ ಕಾಡಿಗೆ ಹಂಚಿಕೊಳ್ಳಬೇಡಿ.

ಪಾರ್ಲರಿನವರಲ್ಲಿ ಎರಡು ಮಾತು. ಕೂದಲಿನ ಬಣ್ಣವನ್ನು ಹುಬ್ಬಿಗೆ ಹಚ್ಚುವುದನ್ನು ನಿಲ್ಲಿಸಿ, ಡಬ್ಬಿಯ ಮೇಲೆಯೇ ಬೇಡವೆಂದು ಬರೆದಿದೆ. ಕೃತಕ ರೆಪ್ಪೆಗೂದಲಿನ ಅಂಟಿನಲ್ಲಿ ಹೆಚ್ಚಾಗಿ ಲ್ಯಾಟೆಕ್ಸೋ ಸಯನೊಅಕ್ರಿಲೇಟೋ ಇರುತ್ತದೆ. ಮದುವೆಯ ಬೆಳಿಗ್ಗೆ ಮೊದಲ ಸಲ ಅಂಟಿಸುವ ಬದಲು ವಾರದ ಮುಂಚೆ ಮದುಮಗಳ ಕೈಯಲ್ಲಿ ಪರೀಕ್ಷಿಸಿ. ರೆಪ್ಪೆಗಳೇ ಅಂಟಿಕೊಂಡರೆ ಎಳೆಯಬೇಡಿ, ಕತ್ತರಿ ಹಿಡಿಯಬೇಡಿ, ವೈದ್ಯರಲ್ಲಿಗೆ ಕಳಿಸಿ. ಥ್ರೆಡಿಂಗ್ ಆದ ದಿನ ಹುಬ್ಬಿನ ಕೆಳಗೆ ಮೇಕಪ್ ಬೇಡ.

ಮತ್ತೆ ತಮ್ಮಲ್ಲಿಗೆ, ಮಾನ್ಯರೇ. ಅಂಗಡಿಯ ಕಾಡಿಗೆಗಿಂತ ಜಾತ್ರೆಯ ಕಾಡಿಗೆ, ಸುರ್ಮಾ ಹೆಚ್ಚು ಆತಂಕದ ವಿಷಯ. ಹೊನಗೊನ್ನೆ ಸೊಪ್ಪಿನ ರಸದಲ್ಲಿ ನೆನೆಸಿ ಒಣಗಿಸಿದ ಬಟ್ಟೆಯ ಬತ್ತಿಯನ್ನು ಹರಳೆಣ್ಣೆಯಲ್ಲಿ ಉರಿಸಿ, ಮೇಲೆ ತಟ್ಟೆ ಕವುಚಿ ಹಿಡಿದ ಮಸಿಯ ಕಾಡಿಗೆಯಲ್ಲಿ ಸೀಸ ಸೇರಿಸುವುದಿಲ್ಲ, ಆದರೂ ಅದು ಹಸುಗೂಸಿನ ಕಣ್ಣಿಗೆ ಬೇಡ. ದೃಷ್ಟಿಬೊಟ್ಟು ಅಂಗಾಲಿನಲ್ಲಿದ್ದರೆ ಸಾಕು. ಸುರ್ಮಾ ಕಲ್ಲಿನ ಮಾತೇ ಬೇರೆ. ಹಲವು ಕಡೆ ಅದು ಸೀಸದ ಅದಿರು, ಗೆಲೀನಾ. ಶುದ್ಧ ಗೆಲೀನಾದ ತೂಕದಲ್ಲಿ ಶೇ. 86ರಷ್ಟು ಸೀಸವೇ. ನಿಯಮ ಪ್ರಸಾಧನದ ಬಣ್ಣಗಳಲ್ಲಿ ಸೀಸಕ್ಕೆ ಹತ್ತು ಲಕ್ಷಕ್ಕೆ 20 ಭಾಗದ ಮಿತಿ ಇಟ್ಟಿದೆ. ಕಣ್ಣುಜ್ಜಿದ ಕೈಯನ್ನು ಮಗು ಬಾಯಿಗೆ ಹಾಕುತ್ತದೆ. ಚೀಟಿಯೇ ಇಲ್ಲದ ಈ ಡಬ್ಬಿಗಳ ಮಾದರಿಯನ್ನು ಜಾತ್ರೆಗಳಲ್ಲಿ, ಬಳೆ ಅಂಗಡಿಗಳಲ್ಲಿ ಇನ್‌ಸ್ಪೆಕ್ಟರುಗಳು ತೆಗೆದು ಪರೀಕ್ಷಿಸಲಿ, ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಲಿ. 1940ರ ಔಷಧ ಮತ್ತು ಪ್ರಸಾಧನ ಕಾಯ್ದೆಯ 26ನೇ ಕಲಮಿನಡಿ ಕೊಂಡವರೂ ನಿಗದಿತ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ, ಸಹಿ ಇರುವ ವರದಿ ಪಡೆಯಬಹುದು. ಅದಕ್ಕೆ ಎಲ್ಲಿ, ಎಷ್ಟು, ಹೇಗೆ ಎಂಬುದನ್ನು ಪ್ರತಿ ಜಿಲ್ಲೆಯ ಕಚೇರಿಯ ಫಲಕದಲ್ಲಿ ಹಾಕಿ.

ಅಮೆರಿಕದಲ್ಲಿ 2022ರ ಕಾನೂನಿನ ಪ್ರಕಾರ ಪ್ರಸಾಧನದಿಂದ ಗಂಭೀರ ತೊಂದರೆಯಾದ ವರದಿ ಬಂದರೆ ಕಂಪನಿ 15 ಕೆಲಸದ ದಿನಗಳೊಳಗೆ ಸರ್ಕಾರಕ್ಕೆ ತಿಳಿಸಬೇಕು. ನಮ್ಮ ತಯಾರಕರಿಗೂ ಅಂಥ ಗಡುವು ಬರಲಿ.

ಎಲ್ಲಕ್ಕೂ ಮೊದಲು ಮಾಡಬಹುದಾದದ್ದು ನಿಯಮದ ಆ ಒಂದು ವಾಕ್ಯದ ತಿದ್ದುಪಡಿ. '60 ಮಿ.ಲೀ. ಮತ್ತು 30 ಗ್ರಾಂಗಿಂತ ಕಡಿಮೆ ಇರುವ ಪ್ಯಾಕಿಗೆ ಅನ್ವಯಿಸದು' ಎಂಬುದರ ಮುಂದೆ 'ಕಣ್ಣು ಮತ್ತು ಕಣ್ಣಿನ ಸುತ್ತ ಬಳಸುವ ವಸ್ತುಗಳನ್ನು ಹೊರತುಪಡಿಸಿ' ಎಂದು ಸೇರಿಸಿ, ಎಚ್ಚರಿಕೆಯನ್ನು ಸ್ಥಳೀಯ ಭಾಷೆಯಲ್ಲೂ ಬರೆಯಬೇಕೆಂದು ವಿಧಿಸಿ. ಕರಡು ಯಾವಾಗ ಪ್ರಕಟವಾಗುತ್ತದೆ ಎಂದು ತಿಳಿಸಿದರೆ ಆಕ್ಷೇಪಣೆಯ ಅವಧಿಯೊಳಗೆ ಚರ್ಮರೋಗ, ನೇತ್ರ ವಿಭಾಗದವರ ಅಭಿಪ್ರಾಯಗಳನ್ನು ಬರವಣಿಗೆಯಲ್ಲಿ ಒದಗಿಸಲು ನಾವು ಸಿದ್ಧರಿದ್ದೇವೆ.

ಇಂತಿ ವಿಶ್ವಾಸಿಗಳು,
ಕಣ್ಣು ಮತ್ತು ಚರ್ಮದ ಆರೈಕೆಯಲ್ಲಿ ತೊಡಗಿರುವವರು